ಇಂಡಿಯಾಕ್ಕೆ ಹೋಗದವರ ಕೈಲಿ ಕೊಟ್ಟ ಪೊಟ್ಟಣಗಳು

ಅಮೆರಿಕದ ಜರ್ಮನ್‌ಟೌನಿನ ಕನ್ನಡದವರಲ್ಲಿ ಒಂದು ರೂಢಿ ಇತ್ತು. ಯಾರಾದರೂ ಇಂಡಿಯಾಕ್ಕೆ ಹೊರಟರೆಂದು ಸುದ್ದಿಯಾದರೆ ಸಾಕು, ಟಿಕೆಟ್ ಕೈಗೆ ಬರುವ ಮೊದಲೇ ಪೊಟ್ಟಣಗಳು ಮನೆಗೆ ಬರುತ್ತಿದ್ದವು. ಅಮ್ಮನಿಗೆ ವಿಟಮಿನ್ ಮಾತ್ರೆ, ಅಕ್ಕನ ಮಗಳಿಗೆ ಕ್ಯಾಮೆರಾ, ಮಾವನಿಗೆ ಮೊಣಕಾಲಿನ ಪಟ್ಟಿ. ಹೊರಟವರು ಒಳಗೊಳಗೆ ಎಷ್ಟೇ ಗೊಣಗಿಕೊಂಡರೂ ಹೊರಗೆ ನಗುನಗುತ್ತ ತೆಗೆದುಕೊಳ್ಳಬೇಕು. ಇವತ್ತು ಅವರದು, ನಾಳೆ ನಮ್ಮದು.

ಈ ಕೆಲಸದಲ್ಲಿ ವರಲಕ್ಷ್ಮಿಯನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಮೈಸೂರಿನಿಂದ ಬಂದವಳು. ಗಂಡ ಶೇಷಾದ್ರಿ ಸರ್ಕಾರಿ ಲ್ಯಾಬಿನಲ್ಲಿ ಕೆಮಿಸ್ಟ್. ಅವಳಿಗೆ ಊರಿನ ಲೈಬ್ರರಿಯಲ್ಲಿ ಕೆಲಸ. ಇಂಡಿಯಾಕ್ಕೆ ಹೋದಾಗಲೆಲ್ಲ ತನ್ನ ಎರಡು ಸೀರೆ ತೆಗೆದಿಟ್ಟಾದರೂ ಇನ್ನೊಬ್ಬರ ಪೊಟ್ಟಣಕ್ಕೆ ಜಾಗ ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ಇಳಿದ ಮೇಲೆ ಆಟೋ ಹಿಡಿದು, ಬಿಸಿಲಲ್ಲಿ ವಿಳಾಸ ಹುಡುಕಿ, ಯಾರ್ಯಾರ ವಸ್ತುವನ್ನು ಅವರವರ ಕೈಗೇ ಕೊಟ್ಟು, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದಳು. ವಾಪಸು ಬಂದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, “ನಿಮ್ಮಮ್ಮ ಸ್ವಲ್ಪ ಇಳಿದುಹೋಗಿದಾರೆ, ಆದ್ರೆ ಗೆಲುವಾಗಿದಾರೆ” ಎಂದು ವರದಿ ಒಪ್ಪಿಸುತ್ತಿದ್ದಳು. “ವರಲಕ್ಷ್ಮಿ ಕೈಲಿ ಕೊಟ್ಟರೆ ದೇವರ ಕೈಲಿ ಕೊಟ್ಟ ಹಾಗೆ” ಎಂದು ಕನ್ನಡ ಸಂಘದಲ್ಲಿ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಒಳಗೇ ಹಿಗ್ಗಾಗುತ್ತಿತ್ತು. ಬದುಕಿನಲ್ಲಿ ಅವಳು ಸಂಪಾದಿಸಿದ್ದೆಂದರೆ ಆ ಹೆಸರು.

ಶೇಷಾದ್ರಿಯದು ಇನ್ನೊಂದು ಬಗೆಯ ಹೆಸರು. ಮಾತು ಕಡಿಮೆ, ಕೈ ಚುರುಕು. ಸಂಘದ ಗಣೇಶನಿಗೆ ಪ್ರತಿವರ್ಷ ಥರ್ಮಾಕೋಲಿನಲ್ಲಿ ಮಂಟಪ ಮಾಡುವವನು ಅವನೇ. ಒಂದು ವರ್ಷ ಅರಮನೆ, ಒಂದು ವರ್ಷ ಕಲ್ಲಿನ ರಥ. ಬೇಸ್‌ಮೆಂಟಿನಲ್ಲಿ ಕೂತು ಬ್ಲೇಡಿನಿಂದ ಒಂದೊಂದೇ ಎಸಳು ಕೊರೆಯುತ್ತಿದ್ದ. ಹಬ್ಬ ಮುಗಿದ ಮೇಲೆ ಮಂಟಪವನ್ನು ಬಿಡಿಬಿಡಿಯಾಗಿ ಬಿಚ್ಚಿ, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಬೇಸ್‌ಮೆಂಟಿನ ಹಿಂಗೋಡೆಗೆ ಒರಗಿಸಿ ಇಡುತ್ತಿದ್ದ. ಆ ಪೆಟ್ಟಿಗೆಗಳನ್ನು ಅವನ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಬಾಟಲಿಗಳು ಅವುಗಳ ಹಿಂದೆ ಇದ್ದವು.

ವರಲಕ್ಷ್ಮಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳಿಗೆ ಗೊತ್ತಿತ್ತು; ಎಷ್ಟು ಎಂಬುದು ಗೊತ್ತಿರಲಿಲ್ಲ, ಅಷ್ಟೆ. ಒಣಬಟ್ಟೆ ಮಡಿಸಲು ಕೆಳಗಿಳಿಯುವಾಗ ಮೆಟ್ಟಿಲಲ್ಲೇ ಒಮ್ಮೆ ಕೆಮ್ಮಿ, ಅವನಿಗೆ ಮುಚ್ಚಿಡಲು ಹೊತ್ತು ಕೊಟ್ಟು ಇಳಿಯುತ್ತಿದ್ದಳು. ಹಾಗೆ ಎಷ್ಟೋ ವರ್ಷ ಹೋಯಿತು.

ತೊಂಬತ್ತನಾಲ್ಕರ ಗಣೇಶನ ಹಬ್ಬದಲ್ಲಿ, ಮಂಗಳಾರತಿಯ ಹೊತ್ತಿಗೆ ಸರಿಯಾಗಿ, ಮಂಟಪದ ಎಡಗಡೆಯ ಕಂಬ ಬಾಗಿ ಗೋಪುರ ಗಣೇಶನ ಮೇಲೆ ಒರಗಿತು. ಜನ ನಕ್ಕು, “ಕ್ಯಾಲಿಫೋರ್ನಿಯಾದ ಭೂಕಂಪ ಇಲ್ಲಿಗೂ ಬಂತು” ಎಂದು ತಮಾಷೆ ಮಾಡಿದರು. ವರಲಕ್ಷ್ಮಿ ನಗಲಿಲ್ಲ. ಗೋಪುರ ಎತ್ತಲು ಹೋದ ಗಂಡನ ಕೈ ನಡುಗುತ್ತಿದ್ದುದನ್ನು ಅವಳು ನೋಡಿದ್ದಳು. ಮುಂದಿನ ವಾರ ಲ್ಯಾಬಿನಲ್ಲಿ ಅವನ ಕೈಯಿಂದ ಒಂದು ಗಾಜಿನ ಪಾತ್ರೆ ಜಾರಿತು. ಅವನ ಮೇಲಧಿಕಾರಿ ಬಾಗಿಲು ಹಾಕಿ ಮೃದುವಾಗಿಯೇ ಹೇಳಿದ: ರಜೆ ಕೊಡುತ್ತೇನೆ, ಕುಡಿತ ಬಿಡಿಸುವ ಕಡೆ ಹೋಗಿ ಸೇರು; ಸೇರದಿದ್ದರೆ ಮತ್ತೆ ಇಲ್ಲಿಗೆ ಬರಬೇಡ.

ಆ ಸಂಜೆ ಶೇಷಾದ್ರಿ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ತಾನಾಗಿ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದ. ಕೊನೆಗೆ, “ಎಲ್ಲಿಗೆ ಅಂತ ನೀನೇ ನೋಡು ವರೂ. ನನಗೆ ತಲೆ ಓಡ್ತಿಲ್ಲ” ಎಂದ.

ಹುಡುಕುವ ಕೆಲಸಕ್ಕೆ ಮಗಳು ಅಕ್ಷಯಾ ನಿಂತಳು. ಅವಳು ಕಾಲೇಜ್‌ಪಾರ್ಕಿನಲ್ಲಿ ಓದುತ್ತಿದ್ದಳು. ಲೈಬ್ರರಿಯಲ್ಲೇ ಕೆಲಸ ಮಾಡುವ ತಾಯಿ ಅಲ್ಲಿ ಇಂಥ ಪುಸ್ತಕ ತೆಗೆಯಲು ಹೆದರಿದಳು. ಮಗಳು ಕಾಲೇಜಿನಿಂದ ವಾರವಿಡೀ ಫೋನ್ ಮಾಡಿ ಎರಡು ಜಾಗ ಗೊತ್ತುಮಾಡಿದಳು. ಒಂದು, ಮನೆಯಿಂದ ಸ್ವಲ್ಪವೇ ದೂರದ ರಾಕ್‌ವಿಲ್ಲಿನಲ್ಲಿ. ಇನ್ನೊಂದು ಕೆಳಗೆ ಉತ್ತರ ಕೆರೋಲಿನಾದಲ್ಲಿ, ರಾಲಿ ದಾಟಿ ಹೋಗಬೇಕು. ಅದರ ಪರಿಚಯ ಪತ್ರಿಕೆಯ ಮೇಲೆ ಪೈನ್ ಮರಗಳ, ಒಂದು ಕೆರೆಯ ಚಿತ್ರವಿತ್ತು.

ದೂರದ್ದಕ್ಕೆ ವರಲಕ್ಷ್ಮಿ ತಾನೇ ಫೋನ್ ಮಾಡಿದಳು. ಅವಳು ಮೊದಲು ಕೇಳಿದ್ದು ಊಟದ ವಿಚಾರ. ಅನ್ನ ಮಾಡ್ತೀರಾ? ಮೊಸರು ಸಿಗುತ್ತಾ? ಹುರುಳಿಕಾಯಿ ಬೇಯಿಸುವಾಗ ಹಂದಿಯ ಕೊಬ್ಬು ಹಾಕ್ತೀರಾ? ಆ ಕಡೆಯವಳಿಗೆ ಉತ್ತರ ಹೇಳಿ ಸಾಕಾಗಿ ಅಡುಗೆಯವಳನ್ನೇ ಫೋನಿಗೆ ಕರೆದಳು. ಅಡುಗೆಯವಳು ನಿಧಾನವಾದ ದಕ್ಷಿಣದ ರಾಗದಲ್ಲಿ, ನಿಮ್ಮವರಿಗೆ ಬೇರೆ ಪಾತ್ರೆಯಲ್ಲೇ ಮಾಡಿಕೊಡ್ತೀನಿ ತಾಯಿ ಎಂದಳು. ವರಲಕ್ಷ್ಮಿಗೆ ಕಣ್ಣು ತುಂಬಿತು. ಅಲ್ಲಿ ಕುಡಿತವನ್ನು ಹೇಗೆ ಬಿಡಿಸುತ್ತಾರೆ, ಮನೆಯವರು ಏನು ಮಾಡಬೇಕು ಎಂಬುದನ್ನು ಕೇಳುವುದೇ ಮರೆತುಹೋಯಿತು.

ಹತ್ತಿರದ್ದನ್ನು ನೋಡಲು ತಾಯಿ ಮಗಳು ಒಂದು ಸಂಜೆ ಹೋದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಅಂಟಿಕೊಂಡ ಸಾಧಾರಣ ಕಟ್ಟಡ. ಎರಡಕ್ಕೂ ಒಂದೇ ಪಾರ್ಕಿಂಗ್ ಲಾಟ್. ಒಳಗೆ ಬಣ್ಣ ಮಾಸಿದ ಗೋಡೆ, ಮಡಿಸುವ ಕುರ್ಚಿಗಳು. ಆದರೆ ಅಲ್ಲಿಯ ಕೌನ್ಸೆಲರ್, ಕನ್ನಡಕ ಹಾಕಿದ ವಯಸ್ಸಾದ ಕಪ್ಪು ಹೆಂಗಸು, ಅವರನ್ನು ಕೂರಿಸಿಕೊಂಡು ಸಾವಧಾನವಾಗಿ ಹೇಳಿದಳು. ಶೇಷಾದ್ರಿ ನಾಲ್ಕು ವಾರ ಇಲ್ಲೇ ಇರುತ್ತಾನೆ. ವಾರಕ್ಕೆ ಎರಡು ಸಂಜೆ ಮನೆಯವರೂ ಬಂದು ಅವನ ಜೊತೆ ವೃತ್ತವಾಗಿ ಕೂರಬೇಕು. ಕುಡಿಯುವವನೊಬ್ಬನಿಗೇ ಕಾಯಿಲೆ ಅಂತ ನಾವು ತಿಳಿದಿಲ್ಲ. ಮುಚ್ಚಿಡುವುದು ಇಡೀ ಮನೆಗೆ ಹತ್ತಿರುತ್ತೆ, ಅದನ್ನು ಬಿಟ್ಟರೆ ಅರ್ಧ ಕುಡಿತ ಬಿಟ್ಟ ಹಾಗೆ.

“ಅಮ್ಮಾ, ದಿಸ್ ಈಸ್ ದಿ ಒನ್,” ಎಂದಳು ಅಕ್ಷಯಾ, ಹೊರಗೆ ಬರುತ್ತ. “ನಾವು ಎವ್ರಿ ವೀಕ್ ಬರಬಹುದು.”

ವರಲಕ್ಷ್ಮಿಗೂ ಹೌದೆನ್ನಿಸಿತ್ತು. ಆ ಹೆಂಗಸಿನ ಮುಖ ಅವಳಿಗೆ ಹಿಡಿಸಿತ್ತು. ಕಾರಿನ ಬೀಗ ತೆಗೆಯುತ್ತಿರುವಾಗ ಪಕ್ಕದಲ್ಲೇ ಇನ್ನೊಂದು ಕಾರು ಬಂದು ನಿಂತಿತು. ಅದರಿಂದ ಇಳಿದವಳು ರೇಣುಕಾದೇವಿ, ಸಂಘದ ಕಾರ್ಯದರ್ಶಿ.

“ಅಯ್ಯೋ ವರಲಕ್ಷ್ಮಿಯವರೇ! ಏನು ನೀವಿಲ್ಲಿ? ನಿಮಗೂ ಹಲ್ಲಾ?”

“ಹೂಂ ರೀ, ದವಡೆ ಹಲ್ಲು. ಪ್ರಾಣ ತಿಂತಾ ಇದೆ,” ಎಂದಳು ವರಲಕ್ಷ್ಮಿ. ಕೈ ತಾನಾಗಿ ಕೆನ್ನೆಗೆ ಹೋಯಿತು.

“ನಂದೂ ಅದೇ ಗೋಳು. ರೂಟ್ ಕೆನಾಲ್ ಅಂತ ವಾರಕ್ಕೆ ಎರಡು ಸಲ ಓಡಾಡಿಸ್ತಿದಾರೆ. ಅದಿರಲಿ, ರಾಜ್ಯೋತ್ಸವಕ್ಕೆ ಶೇಷಾದ್ರಿಯವರ ಹತ್ರ ಒಂದು ಒಳ್ಳೇ ಗೋಪುರ ಮಾಡಿಸ್ಬೇಕು. ಈ ಸಲ ಬೀಳದೇ ಇರೋದು!” ಎಂದು ರೇಣುಕಾದೇವಿ ನಕ್ಕಳು.

“ಅವರು ಇರಲ್ಲ ರೀ. ಇಂಡಿಯಾಗೆ ಹೋಗ್ತಿದಾರೆ.” ಮಾತು ಬಾಯಿಂದ ಬಿದ್ದ ಮೇಲೆ ವರಲಕ್ಷ್ಮಿಗೇ ಅದು ಕೇಳಿಸಿತು. “ಒಂದು ತಿಂಗಳು. ಅವರ ಚಿಕ್ಕಪ್ಪನಿಗೆ ಹುಷಾರಿಲ್ಲ.”

ಕಾರಿನಲ್ಲಿ ಅಕ್ಷಯಾ ತಾಯಿಯನ್ನೇ ನೋಡುತ್ತ ಕೂತಳು. “ವೈ ಡಿಡ್ ಯೂ ಸೇ ದಟ್? ಅಪ್ಪ ಇಂಡಿಯಾಗೆ ಹೋಗಲ್ಲ.”

“ಸುಮ್ನಿರು. ವಾರಕ್ಕೆರಡು ಸಲ ಬರ್ತಾಳಂತೆ ಅವಳು, ಇದೇ ಪಾರ್ಕಿಂಗಿಗೆ. ನಾಳೆ ನಿನ್ನ ಮದುವೆ ಮಾತು ಬಂದಾಗ ಜನ ಇದನ್ನೇ ಎತ್ತಾಡ್ತಾರೆ.”

“ನನಗೆ ನೈನ್‌ಟೀನ್, ಅಮ್ಮಾ.”

ಊಟದ ಹೊತ್ತಿಗೆ ವರಲಕ್ಷ್ಮಿ ತೀರ್ಮಾನ ಹೇಳಿದಳು. ಕೆರೋಲಿನಾದ್ದೇ ಸರಿ. ಗಾಳಿ ಚೆನ್ನಾಗಿದೆ, ಅಡುಗೆಯವಳು ಒಳ್ಳೆಯವಳು. ಶೇಷಾದ್ರಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದ, ತಿನ್ನಲಿಲ್ಲ. ಆಮೇಲೆ ಮೆಲ್ಲನೆ, “ಹತ್ತಿರದ್ದೇ ಆಗಿದ್ರೆ ನೀನು ಬಂದು ಹೋಗ್ತಾ ಇರಬಹುದಿತ್ತು” ಎಂದ.

“ಯಾರಾದ್ರೂ ನೋಡಿದ್ರೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಾಗಾದ್ರೆ ನಿನ್ನಿಷ್ಟ,” ಎಂದ.

ಮದುವೆಯಾದ ಮೇಲೆ ಅವನು ತನಗೆಂದು ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ. ಮುಂದೆ ವರಲಕ್ಷ್ಮಿ ಈ ಮಾತನ್ನು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವಾಗ, ಸಿಗ್ನಲಿನಲ್ಲಿ ಕಾರು ನಿಂತಾಗ, ಮತ್ತೆ ಮತ್ತೆ ನೆನೆದಳು. “ನಿನ್ನಿಷ್ಟ” ಎನ್ನುವ ಮೊದಲು ಅವನು ಕಾದಿದ್ದ. ಆ ಕಾಯುವಿಕೆಯಲ್ಲಿ ಅವಳು ಏನಾದರೂ ಹೇಳಬಹುದಿತ್ತು.

ಎರಡು ದಿನ ಕಳೆಯಲಿಲ್ಲ, ಪೊಟ್ಟಣಗಳು ಬಂದವು. ಇದನ್ನು ವರಲಕ್ಷ್ಮಿ ಯೋಚಿಸಿಯೇ ಇರಲಿಲ್ಲ. ಇಪ್ಪತ್ತು ವರ್ಷ ಊರಿನವರ ಪೊಟ್ಟಣ ಹೊತ್ತವಳಿಗೆ, ಇಂಡಿಯಾ ಎಂಬ ಮಾತು ಆಡಿದರೆ ಏನಾಗುತ್ತದೆಂದು ಹೊಳೆಯದೇ ಹೋಯಿತು. ಮೊದಲು ಬಂದವಳು ರೇಣುಕಾದೇವಿಯೇ, ಬೆಂಗಳೂರಿನ ರಾಜಾಜಿನಗರದಲ್ಲಿರುವ ತಾಯಿಗೆ ಒಂದು ಉಣ್ಣೆಯ ಶಾಲು ಹಿಡಿದುಕೊಂಡು. ಆಮೇಲೆ ಇನ್ನೂ ಕೆಲವರು. ಕೊನೆಗೆ ಫೇರ್‌ಫ್ಯಾಕ್ಸಿನಿಂದ ಬಸಲಿಂಗಪ್ಪ ಬಂದರು. ಹುಬ್ಬಳ್ಳಿ ಕಡೆಯ ಡಾಕ್ಟರು, ಶೇಷಾದ್ರಿಗೆ ಇದ್ದ ಒಬ್ಬನೇ ಆಪ್ತ ಗೆಳೆಯ. ಅವರು ತಂದದ್ದು ಬೆಂಗಳೂರಿನಲ್ಲಿ ನೆಲೆಸಿದ ಅಣ್ಣನಿಗೆ ರಕ್ತದ ಸಕ್ಕರೆ ನೋಡುವ ಮೀಟರು.

“ಶೇಷಾದ್ರಿ, ಇದನ್ನ ನಮ್ಮಣ್ಣನ ಕೈಯಾಗ ಕೊಡಬೇಕ್ ನೋಡಪಾ. ಬ್ಯಾರೆಯವ್ರ ಕೈಯಾಗ ಅಲ್ಲ. ಹೆಂಗ ಚುಚ್ಚಿಕೊಳ್ಳೋದು ಅಂತ ನೀನ ತೋರಿಸಿ ಬಾ. ಅಂವಾ ದೊಡ್ಡ ಅಂಜುಬುರುಕ. ಸೂಜಿ ಕಂಡ್ರ ಓಡ್ತಾನ.”

ಶೇಷಾದ್ರಿ ಮೀಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ತೋರಿಸ್ತೀನಿ” ಎಂದ. ಅವನ ಕಿವಿಗಳು ಕೆಂಪಾಗಿದ್ದವು. ಬಸಲಿಂಗಪ್ಪ ಅವನ ಬೆನ್ನು ತಟ್ಟಿ, “ಯಾಕ ಸೊರಗೀದಿ? ಊರಾಗ ನಾಕು ದಿನ ರೊಟ್ಟಿ ಉಂಡು ಬಾ, ಸರಿ ಹೋಗ್ತೀ” ಎಂದು ಹೊರಟರು. ಬಾಗಿಲು ಹಾಕಿದ ಮೇಲೆ ಶೇಷಾದ್ರಿ ಬೇಸ್‌ಮೆಂಟಿಗೆ ಇಳಿದು ಬಹಳ ಹೊತ್ತು ಮೇಲೆ ಬರಲಿಲ್ಲ. ವರಲಕ್ಷ್ಮಿ ಅವತ್ತು ಕೆಮ್ಮಲೂ ಇಲ್ಲ, ಇಳಿಯಲೂ ಇಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ ಅವನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದಳು. ರಿಚ್‌ಮಂಡ್ ದಾಟಿ, ರಾಲಿ ದಾಟಿ, ಹೊಗೆಸೊಪ್ಪಿನ ಹೊಲಗಳ ನಡುವಿನ ದಾರಿ. ಅವನ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ ಇತ್ತು. ಅಲ್ಲಿಯವರು, ಕೊನೆಯ ವಾರದ ಶನಿವಾರ ಕುಟುಂಬದ ದಿನ, ಹೆಂಡತಿ ತಪ್ಪದೆ ಬರಬೇಕು, ಉಳಿದದ್ದೆಲ್ಲಕ್ಕಿಂತ ಆ ದಿನ ಮುಖ್ಯ ಎಂದರು. ಬರುತ್ತೇನೆ ಎಂದಳು. ಆ ಮಾತು ಆಡುವಾಗ ಅವಳ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಮನೆಗೆ ಬಂದು ಬಾಟಲಿಗಳನ್ನೆಲ್ಲ ತೆಗೆದು ಸುರಿದಳು. ಯಾರಾದರೂ ಮನೆಗೆ ಬಂದರೆ ಪೊಟ್ಟಣಗಳು ಕಣ್ಣಿಗೆ ಬೀಳಬಾರದು, ಅವುಗಳನ್ನು ಎಲ್ಲಿಡುವುದು? ಮನೆಯೆಲ್ಲ ಸುತ್ತಿ ಕೊನೆಗೆ ಬೇಸ್‌ಮೆಂಟಿಗೆ ಇಳಿದು, ಮಂಟಪದ ಪೆಟ್ಟಿಗೆಗಳ ಹಿಂದೆ, ಬಾಟಲಿಗಳಿದ್ದ ಜಾಗದಲ್ಲೇ ಒತ್ತಾಗಿ ಇಟ್ಟಳು. ಜಾಗ ಸರಿಯಾಗಿ ಹೊಂದಿತು.

ಎರಡನೆಯ ವಾರದಿಂದ ಫೋನುಗಳು ಶುರುವಾದವು. “ಶೇಷಾದ್ರಿಯವರು ಮುಟ್ಟಿದ್ರಾ? ಅಮ್ಮ ದಾರಿ ನೋಡ್ತಿದಾರೆ.” “ಅಣ್ಣ ಕೇಳಾಕತ್ತಾನ ವೈನಿ, ಯಾವಾಗ ಬರ್ತಾನಂತ?” ವರಲಕ್ಷ್ಮಿ ಮೊದಲು ಚಿಕ್ಕಪ್ಪನ ಆರೋಗ್ಯವನ್ನು ಕೆಡಿಸಿದಳು, ಆಮೇಲೆ ಗಂಡನ ಹೊಟ್ಟೆಯನ್ನು ಕೆಡಿಸಿದಳು. “ನೀರು ಒಗ್ಗಿಲ್ಲ, ಓಡಾಡೋ ಹಾಗಿಲ್ಲ” ಎಂದಳು. ಪ್ರತಿ ಸುಳ್ಳೂ ಮರುದಿನ ಇನ್ನೊಂದನ್ನು ಕೇಳುತ್ತಿತ್ತು. ಆದರೂ ಸುಳ್ಳಿಗಿಂತ ಹೆಚ್ಚು ಅವಳನ್ನು ಕೊರೆದದ್ದು ತಲುಪದ ಪೊಟ್ಟಣಗಳು. ಒಬ್ಬ ಮುದುಕಿ ಶಾಲಿಗೆ ಕಾಯುತ್ತಿದ್ದಾಳೆ. ಒಬ್ಬ ಅಂಜುಬುರುಕ ಮೀಟರಿಗೆ ಕಾಯುತ್ತಿದ್ದಾನೆ. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ತಪ್ಪಿದ್ದಿಲ್ಲ.

ಶೇಷಾದ್ರಿ ಅಲ್ಲಿರಬೇಕಾದ ಆ ಕೊನೆಯ ವಾರ, ಗುರುವಾರ, ಲೈಬ್ರರಿಯಲ್ಲಿ ಒಬ್ಬ ಕನ್ನಡದ ಸಾಫ್ಟ್‌ವೇರಿನವನು ಪುಸ್ತಕ ವಾಪಸು ಮಾಡಲು ಬಂದ. ನಿಖಿಲ್ ಎಂದು ಹೆಸರು. ಈಚೆಗೆ ಬಂದವನು, ಸಂಘದ ಪರಿಚಯವಿಲ್ಲದವನು. ಮದುವೆಗೆಂದು ಬೆಂಗಳೂರಿಗೆ ಹೊರಟಿದ್ದ. ವರಲಕ್ಷ್ಮಿಗೆ ದೇವರೇ ಕಳಿಸಿದಂತಾಯಿತು.

“ತಗೊಂಡ್ ಹೋಗ್ತೀನಿ ಆಂಟಿ, ಅದಕ್ಕೇನು. ಆದ್ರೆ ಮದುವೆ ಸಾಮಾನು ತುಂಬಾ ಇದೆ. ಏರ್‌ಪೋರ್ಟಲ್ಲಿ ತೂಕ ಹಾಕಿದ ಮೇಲೆ ಎಷ್ಟು ಹಿಡಿಸುತ್ತೋ ಅಷ್ಟು ಹಾಕ್ಕೊಳ್ತೀನಿ. ಶನಿವಾರ ಮಧ್ಯಾಹ್ನ ಡಲಸ್‌ಗೆ ಬಂದ್ಬಿಡಿ.”

ಶನಿವಾರ.

ವರಲಕ್ಷ್ಮಿ ಆ ದಿನ ಪೂರ್ತಿ ಲೆಕ್ಕಾಚಾರ ಹಾಕಿದಳು. ಗಂಡ ಮುಂದಿನ ವಾರ ಮನೆಗೇ ಬರುತ್ತಾನೆ. ಅವನಿಗೆ ಹೇಳಬೇಕಾದದ್ದನ್ನು ಇಲ್ಲೇ ಹೇಳಬಹುದು. ಪೊಟ್ಟಣಗಳಿಗೆ ಇನ್ನೊಂದು ವಿಮಾನ ಸಿಗುವುದಿಲ್ಲ. ಅವನು ಬರುವ ಮುಂಚೆ ಅವು ತಲುಪಿದ್ದರೆ ಕಥೆಯೂ ಮುಚ್ಚಿಹೋಗುತ್ತದೆ. ಅಕ್ಷಯಾ ಹೇಗೂ ಹೋಗುತ್ತಾಳಲ್ಲ. ಒಂದು ದಿನದ ಮಾತು.

ಹೀಗೆ ಶನಿವಾರ ಮಗಳು ಒಬ್ಬಳೇ ಗೆಳತಿಯ ಕಾರು ತೆಗೆದುಕೊಂಡು ಕೆರೋಲಿನಾಕ್ಕೆ ಹೋದಳು. ತಾಯಿ ಡಲಸ್ ಏರ್‌ಪೋರ್ಟಿನ ನೆಲದ ಮೇಲೆ ಮಂಡಿಯೂರಿ ಕೂತು, ಪರಿಚಯವೇ ಇಲ್ಲದವನ ಸೂಟ್‌ಕೇಸಿನಲ್ಲಿ ಷರ್ಟುಗಳನ್ನು ಸುರುಳಿ ಸುತ್ತಿ, ಶೂಗಳ ಒಳಗೆ ಕಾಲುಚೀಲದಲ್ಲಿ ಸುತ್ತಿದ ಮೀಟರನ್ನು ತುರುಕಿ, ಪೊಟ್ಟಣಗಳೆಲ್ಲಕ್ಕೂ ಜಾಗ ಮಾಡಿದಳು. “ಆಂಟಿ, ನೀವು ಮ್ಯಾಜಿಕ್ ಮಾಡ್ತೀರಾ!” ಎಂದ ನಿಖಿಲ್. ಒಂದೂ ಹೊರಗೆ ಉಳಿಯಲಿಲ್ಲ. “ನಿಮ್ಮ ಹೆಸರು ಹೇಳೋದು ಬೇಡಪ್ಪ, ಶೇಷಾದ್ರಿ ಅಂತಷ್ಟೇ ಹೇಳಿ ಕೊಟ್ಟುಬಿಡಿ” ಎಂದು ಅವನಿಗೆ ಎರಡು ಸಲ ಹೇಳಿದಳು. ವಿಮಾನ ಹತ್ತುವವರ ಸಾಲು ಕಣ್ಣಿಗೆ ಮರೆಯಾಗುವವರೆಗೆ ನಿಂತಿದ್ದಳು. ತಿಂಗಳಲ್ಲಿ ಮೊದಲ ಬಾರಿಗೆ ಮೈ ಹಗುರಾಗಿತ್ತು.

ಅಕ್ಷಯಾ ಭಾನುವಾರ ವಾಪಸು ಬಂದು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ನಿನಗೆ ಚೇರ್ ಇಟ್ಟಿದ್ರು, ಅಮ್ಮಾ. ಅಪ್ಪನ ಪಕ್ಕ. ಹಿ ಕೆಪ್ಟ್ ಲುಕಿಂಗ್ ಅಟ್ ದಿ ಡೋರ್. ಯಾರು ಬಂದ್ರೂ ನೋಡ್ತಿದ್ರು, ಕಾಫಿ ತರೋನು ಬಂದ್ರೂ. ಲಂಚ್ ಆದ್ಮೇಲೆ ಅವರೇ ಚೇರ್ ಮಡಿಸಿ ಗೋಡೆ ಹತ್ರ ಇಟ್ರು.”

“ಏನಾದ್ರೂ ಅಂದ್ರಾ?”

“ಇಲ್ಲ. ‘ಅಮ್ಮನಿಗೆ ಕೆಲಸ ಇರುತ್ತೆ’ ಅಂದ್ರು.”

ಕರೆತರಲು ವರಲಕ್ಷ್ಮಿಯೇ ಹೋದಳು. ಶೇಷಾದ್ರಿಯ ಮುಖ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು, ಕೈ ನಡುಗುತ್ತಿರಲಿಲ್ಲ. ದಾರಿಯಲ್ಲಿ ಅವನೇ ಮಾತಾಡಿದ. ಅಷ್ಟು ಮಾತಾಡಿದ್ದನ್ನು ಅವಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. “ಅಲ್ಲಿ ಮೊದಲನೇ ದಿನದಿಂದ ಒಂದೇ ಪಾಠ ವರೂ. ಸುಳ್ಳು ಹೇಳ್ಬೇಡ. ಸಣ್ಣದಕ್ಕೂ ಹೇಳ್ಬೇಡ. ಸುಳ್ಳು ಶುರುವಾದ್ರೆ ಅದರ ಹಿಂದೇನೇ ಬಾಟ್ಲಿ ಬರುತ್ತಂತೆ. ಒಬ್ಬರಿಗಾದ್ರೂ ನಿಜ ಗೊತ್ತಿರ್ಬೇಕಂತೆ. ನಾನು ಬಸಲಿಂಗಪ್ಪನಿಗೆ ಹೇಳಿಬಿಡ್ತೀನಿ. ಅವನಾದ್ರೆ ಬೈದು ಸುಮ್ಮನಾಗ್ತಾನೆ.”

ವರಲಕ್ಷ್ಮಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. “ಈಗಲೇ ಬೇಡ ರೀ. ಅವರ ಅಣ್ಣನಿಗೆ ಮೀಟರ್ ಈಗ ತಾನೇ ತಲುಪಿರುತ್ತೆ. ಯಾರೋ ಕೊಟ್ರು ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗುತ್ತೆ? ಸ್ವಲ್ಪ ದಿನ ಹೋಗ್ಲಿ. ಆಮೇಲೆ ಹೇಳೋರಂತೆ.”

ಅವನು ಕಿಟಕಿಯ ಕಡೆ ತಿರುಗಿದ.

ನವೆಂಬರಿನಲ್ಲಿ ಸಂಘದ ದೀಪಾವಳಿ ಊಟ. ಒಂದು ಶಾಲೆಯ ಊಟದ ಕೋಣೆಯಲ್ಲಿ ಎಲ್ಲರೂ ಶೇಷಾದ್ರಿಯನ್ನು ಮುತ್ತಿಕೊಂಡರು. ಬೆಂಗಳೂರು ಹೇಗಿದೆ? ಟ್ರಾಫಿಕ್ ಹೇಗಿದೆ? ಅವನು ಒಮ್ಮೆ ಹೆಂಡತಿಯನ್ನು ನೋಡಿದ. ಅವಳು ತಟ್ಟೆಯಲ್ಲಿ ಬಿಸಿಬೇಳೆ ಬಾತು ಕಲಸುತ್ತ ತಲೆ ತಗ್ಗಿಸಿದಳು. ಆಗ ಅವನು ಹೇಳತೊಡಗಿದ. ಆಟೋದವನೊಡನೆ ಜಗಳ, ಪವರ್ ಕಟ್ಟು, ಚಿಕ್ಕಪ್ಪನ ಕೋಪ. ಬಸಲಿಂಗಪ್ಪನ ಅಣ್ಣ ಸೂಜಿ ಕಂಡು ಮಂಚದ ಆ ಕಡೆಗೆ ಓಡಿದ್ದನ್ನು ಕೈ ಬಾಯಿ ತಿರುಗಿಸಿ ತೋರಿಸಿದಾಗ ಬಸಲಿಂಗಪ್ಪ ಕಣ್ಣೀರು ಬರುವ ಹಾಗೆ ನಕ್ಕು, “ಹೌದ ಹೌದ, ಥೇಟ್ ನಮ್ಮಣ್ಣನ!” ಎಂದರು.

“ನಮ್ಮಮ್ಮ ಹೇಗಿದ್ರು?” ಎಂದಳು ರೇಣುಕಾದೇವಿ.

“ಚೆನ್ನಾಗಿದ್ರು. ಆ ಶಾಲು ಹೊದ್ಕೊಂಡೇ ಕಾಫಿ ಮಾಡಿಕೊಟ್ರು.”

ರೇಣುಕಾದೇವಿ ಅವನನ್ನು ಒಂದು ಗಳಿಗೆ ನೋಡಿದಳು. “ಹೌದಾ? ನಮ್ಮಮ್ಮನಿಗೆ ಯಾರಿಗಾದ್ರೂ ಕಾಫಿ ಕೊಡೋದು ಅಂದ್ರೆ ಪ್ರಾಣ,” ಎಂದು ಪಾಯಸದ ಪಾತ್ರೆಯ ಕಡೆ ಹೋದಳು.

ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾತಾಡಿರಲಿಲ್ಲ. ವರಲಕ್ಷ್ಮಿಗೆ ಗೆದ್ದಂತಾಯಿತು. ಕಾರಿನಲ್ಲಿ ಅವನ ಕೈ ಮುಟ್ಟಿ, “ಎಷ್ಟು ಚೆನ್ನಾಗಿ ನಿಭಾಯಿಸಿದ್ರಿ” ಎಂದಳು. ಮುಂದೆ ಅವಳಿಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ತಾನು ಆಡಿದ ಸುಳ್ಳುಗಳಲ್ಲ, ಈ ಶಹಭಾಸ್‌ಗಿರಿ.

ಯುಗಾದಿಯ ಹೊತ್ತಿಗೆ ಮಂಟಪದ ಪೆಟ್ಟಿಗೆಗಳು ಗೋಡೆಯಿಂದ ಸ್ವಲ್ಪ ಮುಂದೆ ಬಂದಿದ್ದವು. ನೋಡಿದ ಕೂಡಲೇ ಅವಳಿಗೆ ತಿಳಿಯಿತು.

ಆಮೇಲಿನ ಎರಡು ಮೂರು ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಲ್ಯಾಬಿನ ಕೆಲಸ ಹೋಯಿತು. ಸಂಘದವರಿಗೆ, ಬೇಗ ರಿಟೈರ್ ಆದರು ಎಂದಾಯಿತು. ಗಣೇಶನಿಗೆ ಮಂಟಪ ಮಾಡುವುದು ನಿಂತಿತು. ಈಗ ಅಂಗಡಿಯಿಂದ ತಂದ ಕಾಗದದ ಹೂವಿನ ತೋರಣ ಕಟ್ಟುತ್ತಿದ್ದರು. ಬಸಲಿಂಗಪ್ಪ ಫೋನ್ ಮಾಡಿದರೆ ಶೇಷಾದ್ರಿ ಸ್ನಾನಕ್ಕೆ ಹೋಗಿರುತ್ತಿದ್ದ. ತೊಂಬತ್ತೇಳರ ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಲಿವರ್ ಬಹಳ ಕೆಟ್ಟಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ, ಬಿಟ್ಟರೂ ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟರು.

ಈ ಸಲ ವರಲಕ್ಷ್ಮಿ ಯಾರನ್ನೂ ಕೇಳಲಿಲ್ಲ. ಅನ್ನ ಮೊಸರಿನ ವಿಚಾರವನ್ನೂ ಎತ್ತಲಿಲ್ಲ. ರಾಕ್‌ವಿಲ್ಲಿಗೆ ಕರೆದುಕೊಂಡು ಹೋಗಿ ಸೇರಿಸಿದಳು. ಅದೇ ಬಣ್ಣ ಮಾಸಿದ ಗೋಡೆ. ಅದೇ ಕನ್ನಡಕದ ಕೌನ್ಸೆಲರ್. ಕೂದಲು ಪೂರ್ತಿ ನೆರೆತಿತ್ತು.

ಮನೆಯವರ ಮೊದಲ ಸಂಜೆ ಅವಳು ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಯಾರು ನೋಡಿದರೂ ನೋಡಲಿ ಎಂದು ಒಳಗೆ ನಡೆದಳು. ಬಾಗಿಲ ಬಳಿ ಕಾಫಿಯ ಮೇಜಿನ ಹತ್ತಿರ ಕಾಗದದ ಲೋಟ ಜೋಡಿಸುತ್ತಿದ್ದ ಹೆಂಗಸು ತಿರುಗಿದಳು. ರೇಣುಕಾದೇವಿ.

ಇಬ್ಬರೂ ಹಾಗೇ ನಿಂತರು. ಆಮೇಲೆ ರೇಣುಕಾದೇವಿ ಮೆತ್ತಗೆ, “ಹಲ್ಲು ಹೇಗಿದೆ ವರಲಕ್ಷ್ಮಿಯವರೇ?” ಎಂದಳು.

ವರಲಕ್ಷ್ಮಿಯ ಕೈ ಕೆನ್ನೆಯವರೆಗೆ ಹೋಗಿ ಕೆಳಗಿಳಿಯಿತು. “ಅವತ್ತು... ನೀವೂ?”

“ಅವತ್ತೂ ಇಲ್ಲಿಗೇ ಬಂದಿದ್ದೆ. ನಮ್ಮ ಮಗ ಧೀರಜ್ ಇಲ್ಲಿದ್ದ, ಮಾತ್ರೆ ನುಂಗೋ ಚಟ. ನಿಮ್ಮನ್ನ ನೋಡಿ ಎದೆ ಧಸಕ್ ಅಂತು. ಬಾಯಿಗೆ ಮೊದಲು ಬಂದಿದ್ದು ಹಲ್ಲು. ನಿಮ್ಮ ಕಾರು ಹೋಗೋ ತನಕ ಆ ಡೆಂಟಿಸ್ಟ್ ಬಾಗಿಲಲ್ಲಿ ನಿಂತಿದ್ದೆ.”

“ಧೀರಜ್ ಈಗ?”

“ಚೆನ್ನಾಗಿದಾನೆ. ರಾಲಿಯಲ್ಲಿ ಕೆಲಸ. ನಾನು ಸುಮ್ನೆ ಬರ್ತೀನಿ, ಹೊಸಬರಿಗೆ ಕಾಫಿ ಮಾಡೋಕೆ.” ಸ್ವಲ್ಪ ತಡೆದು, “ಆ ಶಾಲನ್ನ ಯಾರೋ ನಿಖಿಲ್ ಅನ್ನೋ ಹುಡುಗ ತಂದುಕೊಟ್ಟ ಅಂತ ಅಮ್ಮ ಆಗಲೇ ಹೇಳಿದ್ರು. ತನ್ನ ಮದುವೆಗೂ ಕರೆದಿದ್ನಂತೆ. ಶೇಷಾದ್ರಿಯವರು ಹೋಗಿಲ್ಲ ಅಂತ ಗೊತ್ತಾಯ್ತು. ದೀಪಾವಳಿ ದಿನ ಅವರು ಹೇಳ್ತಿದ್ದಾಗ ಎಲ್ಲಾ ಅರ್ಥ ಆಯ್ತು.”

“ಕೇಳ್ಬಾರ್ದಿತ್ತಾ ರೇಣುಕಾದೇವಿ?”

“ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನಾದೆ. ನಮ್ಮ ವಿಷಯಾನೂ ಹೊರಗೆ ಬರುತ್ತೆ ಅನ್ನೋ ಹೆದರಿಕೆನೂ ಇತ್ತು. ಕೇಳ್ಬೇಕಿತ್ತು.”

ಒಳಗೆ ಕುರ್ಚಿಗಳು ವೃತ್ತವಾಗಿದ್ದವು. ಶೇಷಾದ್ರಿ ಅಷ್ಟು ಹೊತ್ತಿಗೆ ಕೂತಿದ್ದ. ಅಂಗಿ ಅವನ ಮೈಮೇಲೆ ಇನ್ನೊಬ್ಬರದರಂತೆ ಜೋತುಬಿದ್ದಿತ್ತು. ಅವನ ಪಕ್ಕದ ಕುರ್ಚಿ ಖಾಲಿ ಇತ್ತು. ವರಲಕ್ಷ್ಮಿ ಬಾಗಿಲಲ್ಲಿ ಒಂದು ಕ್ಷಣ ನಿಂತಳು, ಅವನು ನೋಡಲಿ ಎಂದು. ಅವನು ಬಾಗಿಲ ಕಡೆ ನೋಡುತ್ತಿರಲಿಲ್ಲ. ತನ್ನ ಅಂಗೈಗಳನ್ನು ನೋಡುತ್ತಿದ್ದ. ಯಾರೂ ಬರುವವರಿಲ್ಲ ಎಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದ.

ಅವಳು ಹೋಗಿ ಕೂತಳು. ಕುರ್ಚಿ ಕಿರ್ರೆಂದಾಗ ಅವನು ತಿರುಗಿದ. ಕಂಡದ್ದು ನಿಜವೋ ಅಲ್ಲವೋ ಎನ್ನುವಂತೆ ನೋಡಿ ಮತ್ತೆ ತಲೆ ತಗ್ಗಿಸಿದ.

ಮಾತಿನ ಸರದಿ ಅವಳಿಗೆ ಬಂದಾಗ ಕೌನ್ಸೆಲರ್, ಎಲ್ಲಿಂದ ಬೇಕಾದರೂ ಶುರುಮಾಡಿ ಎಂದಳು. ವರಲಕ್ಷ್ಮಿ ತನ್ನ ನಿಧಾನದ ಇಂಗ್ಲಿಷಿನಲ್ಲಿ, ನನ್ನ ಗಂಡ ಇಂಡಿಯಾಕ್ಕೆ ಹೋಗಿರಲಿಲ್ಲ ಎಂದು ಶುರುಮಾಡಿದಳು. ಪೊಟ್ಟಣಗಳ ಕಥೆ ಹೇಳಿದಳು. ಸುತ್ತ ಕೂತವರಿಗೆ ಅದು ಅರ್ಥವಾಗಲಿಲ್ಲ. ಒಬ್ಬ, ಅವನ್ನು ಪೋಸ್ಟಿಗೆ ಯಾಕೆ ಹಾಕಲಿಲ್ಲ ಎಂದ. ಕಾಫಿ ಮೇಜಿನ ಕಡೆಯಿಂದ ರೇಣುಕಾದೇವಿ, ಅದು ಹಾಗಲ್ಲ, ನಮ್ಮಲ್ಲಿ ಕೈಯಿಂದ ಕೈಗೇ ಕೊಡಬೇಕು ಎಂದು ವಿವರಿಸಲು ನೋಡಿದಳು. ವರಲಕ್ಷ್ಮಿ ಏರ್‌ಪೋರ್ಟಿನ ಶನಿವಾರದ ತನಕ ಬಂದಳು. ಆ ದಿನ ನನಗೆ ಇನ್ನೊಂದು ಕಡೆ ಕುರ್ಚಿ ಇಟ್ಟಿದ್ದರು ಎಂದಳು. ಅಲ್ಲಿಂದ ಮುಂದೆ ಅವಳಿಗೆ ಆಗಲಿಲ್ಲ.

ಆಮೇಲೆ ಶೇಷಾದ್ರಿ, ಅಂಗೈ ನೋಡುತ್ತಲೇ, ಅವಳಿಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಕೇಳಿದ:

“ಎಲ್ಲಾ ತಲುಪಿದ್ವಾ?”

“ಹೂಂ,” ಎಂದಳು ವರಲಕ್ಷ್ಮಿ. “ಒಂದೂ ಬಿಡದೆ ತಲುಪಿದ್ವು.”

“ಮೀಟರು?”

“ಅದೂನೂ.”

ಅವನು ತಲೆ ಆಡಿಸಿದ. ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅದು ನಡುಗುತ್ತಿತ್ತು. ಇನ್ನು ಅದಕ್ಕೆ ಬ್ಲೇಡು ಹಿಡಿದು ಎಸಳು ಕೊರೆಯಲು ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಸಂಜೆಯ ಮಾತು ಮುಗಿದು, ಎಲ್ಲರೂ ಎದ್ದು ಕುರ್ಚಿ ಮಡಿಸುವ ತನಕ ಬಿಡದೆ ಹಿಡಿದುಕೊಂಡಿದ್ದಳು.